ಸೈಕಲ್ ಸಾಮಾನು: ಹೆಸರಿಗಿಂತ ಅಳತೆ ಮುಖ್ಯ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಸೈಕಲ್ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರ ದೂರು ಒಂದೇ: ಕೆಲಸ ಮನೆಯಲ್ಲೇ ಮಾಡಬಹುದು, ಸಾಮಾನು ಸಿಗುವುದಿಲ್ಲ. ಸಾಮಾನು ಇಲ್ಲವೇ ಇಲ್ಲ ಎನ್ನುವ ಪರಿಸ್ಥಿತಿ ಕಡಿಮೆ. ತಂದದ್ದು ಕೂರದೆ ವಾಪಸು ಹೋಗುವುದೇ ಹೆಚ್ಚು. ಆದ್ದರಿಂದ ಉತ್ತರಗಳಲ್ಲಿ ಅಳತೆಗೆ ಜಾಸ್ತಿ ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಹಿಂದಿನ ಟೈರ್ ಸವದು ಹೋಗ್ಯದ. 26 ಇಂಚಿಂದು ಹೊಸಾದು ತಂದೀನಿ, ರಿಮ್ಮಿನ ಮ್ಯಾಲ ಕೂಡವಲ್ದು. ಅಂಗಡಿಯವರು 26 ಅಂದ್ರ 26ಏ ರಿ ಅಂತಾರ. ತಪ್ಪು ಎಲ್ಲಿ ಅದ? — ಓದುಗರು, ಸೇಡಂ

ಉತ್ತರ: 26 ಎಂಬ ಹೆಸರಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಟೈರುಗಳು ಮಾರುಕಟ್ಟೆಯಲ್ಲಿವೆ. ಹಳೆಯ ಇಂಚಿನ ಲೆಕ್ಕ ಹುಟ್ಟಿದ್ದು ಹವಾ ತುಂಬಿದ ಟೈರಿನ ಹೊರಗಿನ ವ್ಯಾಸದಿಂದ. ದಪ್ಪ ಟೈರು, ಸಣ್ಣ ರಿಮ್ ಸೇರಿದರೂ 26. ತೆಳು ಟೈರು, ದೊಡ್ಡ ರಿಮ್ ಸೇರಿದರೂ 26. ಹೀಗಾಗಿ 26 × 1.95 ಅಥವಾ 26 × 2.125 ಎಂದು ಚುಕ್ಕಿ ಹಾಕಿ ಬರೆದದ್ದು ಒಂದು ರಿಮ್ಮಿಗೆ, 26 × 1⅜ ಎಂದು ಭಿನ್ನರಾಶಿಯಲ್ಲಿ ಬರೆದದ್ದು ಇನ್ನೊಂದಕ್ಕೆ, 26 × 1½ ಮೂರನೆಯದಕ್ಕೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬಲವಂತ ಮಾಡಿದರೆ ಟೈರಿನ ಅಂಚಿನೊಳಗಿನ ತಂತಿ ಹರಿಯುತ್ತದೆ.

ಇಂಚು ಬಿಡಿ, ಟೈರಿನ ಬದಿಯಲ್ಲಿ ಉಬ್ಬಕ್ಷರದಲ್ಲಿರುವ ಇನ್ನೊಂದು ಸಂಖ್ಯೆ ಓದಿ. 37-590 ಎಂಬಂತೆ ಇರುತ್ತದೆ. ಮೊದಲನೆಯದು ಟೈರಿನ ದಪ್ಪ, ಎರಡನೆಯದು ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಇದು ಐಎಸ್‌ಒ 5775 ಎಂಬ ಅಂತರರಾಷ್ಟ್ರೀಯ ಮಾನದಂಡದ ಲೆಕ್ಕ. ಎರಡನೆಯ ಸಂಖ್ಯೆ ಹೊಂದಲೇಬೇಕು; ಮೊದಲನೆಯದು ನಾಲ್ಕೈದು ಮಿಲಿಮೀಟರ್ ಆಚೀಚೆ ಆದರೆ ನಡೆಯುತ್ತದೆ, ಮಡ್‌ಗಾರ್ಡಿಗೆ ತಾಗದಿದ್ದರೆ ಸಾಕು. ಚುಕ್ಕಿಯ 26 ಎಂದರೆ 559. 26 × 1⅜ ಎಂದರೆ 590. 26 × 1½ ಎಂದರೆ 584, ಈಗಿನ 27.5 ಇಂಚಿನ ಸೈಕಲ್‌ಗಳದ್ದೂ ಇದೇ 584. ಹಳ್ಳಿಗಳಲ್ಲಿ ಕಾಣುವ ರಾಡ್ ಬ್ರೇಕಿನ ದೊಡ್ಡ ಕರಿ ಸೈಕಲ್ಲಿನ 28 × 1½ ಎಂದರೆ 635. 700ಸಿ ಮತ್ತು 29 ಇಂಚು ಎರಡೂ 622. ಕೆಲವು ಟೈರುಗಳ ಮೇಲೆ 622ಕ್ಕೂ 28 ಎಂದೇ ಬರೆದಿರುತ್ತದೆ. ಕರಿ ಸೈಕಲ್ಲಿಗೆ ಟೈರು ತರುವವರು ಅದನ್ನು ನೋಡಿ ಮೋಸ ಹೋಗಬಾರದು.

ಅಕ್ಷರ ಅಳಿಸಿದ್ದರೆ ರಿಮ್ಮನ್ನೇ ಅಳೆಯಿರಿ. ರಿಮ್ಮಿನ ತುಟಿಯ ಹೊರ ಅಂಚನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ತುಟಿಯ ಒಳಗೆ ಟೈರಿನ ಅಂಚು ಕೂರುವ ಮೆಟ್ಟಿಲಿನಂಥ ಜಾಗವಿದೆ, ಅದರ ಸುತ್ತ ತೆಳು ಬೈಂಡಿಂಗ್ ತಂತಿ ಸುತ್ತಿ, ಗುರುತು ಮಾಡಿ, ಬಿಚ್ಚಿ ಟೇಪಿನಲ್ಲಿ ಅಳೆಯಿರಿ. ಸುಮಾರು 1,756 ಮಿ.ಮೀ. ಬಂದರೆ 559, 1,835 ಬಂದರೆ 584, 1,853 ಬಂದರೆ 590, 1,954 ಬಂದರೆ 622, 1,995 ಬಂದರೆ 635. ದಾರ ಬೇಡ, ಅದು ಹಿಗ್ಗುತ್ತದೆ. 584ಕ್ಕೂ 590ಕ್ಕೂ ಸುತ್ತಳತೆಯಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸವೂ ಇಲ್ಲ.

ಕೊಳ್ಳುವಾಗ ಟೈರನ್ನು ಬೆರಳಿನಲ್ಲಿ ಮಡಚಿ ಬದಿಯನ್ನು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಂಥ ಬಿರುಕು ಕಂಡರೆ ಅದು ಬಹುಕಾಲ ಅಂಗಡಿಯಲ್ಲಿ ನೇತಾಡಿದ ಮಾಲು. ಅಪರೂಪದ ಅಳತೆಗಳಲ್ಲಿ ಇದು ಹೆಚ್ಚು. ಟೈರು ಬಿಚ್ಚಿದಾಗಲೇ ರಿಮ್ಮಿನ ಒಳಪಟ್ಟಿಯನ್ನೂ ನೋಡಿ. ಅದು ಹರಿದಿದ್ದರೆ ಸ್ಪೋಕಿನ ತುದಿ ಟ್ಯೂಬಿಗೆ ಒಳಮೈಯಿಂದ ಚುಚ್ಚುತ್ತದೆ. ಪಂಚರ್ ಟ್ಯೂಬಿನ ಒಳಮೈಯಲ್ಲಿ ಬಂದಿದ್ದರೆ ರಸ್ತೆಯ ಮೇಲೆ ಕಾರಣ ಹುಡುಕಬೇಡಿ.

ಪ್ರಶ್ನೆ: ಜಾಲಿ ಮುಳ್ಳಿನ ಕಾಟ. ಪಂಚರ್ ಹಾಕಿದ ಮರುದಿನವೇ ಮತ್ತೆ ಹವಾ ಇಳಿದಿರುತ್ತದೆ. ಟ್ಯೂಬೇ ಬದಲಿಸಬೇಕೇ? — ಓದುಗರು, ಶಹಾಪುರ

ಉತ್ತರ: ಟ್ಯೂಬು ಬದಲಿಸುವ ಮೊದಲು ಮೂರು ಕಡೆ ನೋಡಿ.

ಮೊದಲನೆಯದು ಮುಳ್ಳು. ಬಳ್ಳಾರಿ ಜಾಲಿಯ ಮುಳ್ಳು ಟೈರಿನೊಳಗೇ ಮುರಿದು ಉಳಿಯುತ್ತದೆ, ಹೊರಗಿನಿಂದ ಕಾಣುವುದಿಲ್ಲ. ತೇಪೆ ಹಾಕಿ ಹವಾ ತುಂಬಿದ ಕೂಡಲೇ ಅದೇ ತುದಿ ಅದೇ ಜಾಗಕ್ಕೆ ಮತ್ತೆ ಚುಚ್ಚುತ್ತದೆ. ಟೈರು ಹಾಕುವಾಗಲೆಲ್ಲ ಅದರ ಮೇಲಿನ ಕಂಪನಿ ಹೆಸರು ವಾಲ್ವಿನ ಎದುರಿಗೆ ಬರುವಂತೆ ಕೂರಿಸುವ ರೂಢಿ ಇಟ್ಟುಕೊಳ್ಳಿ. ಆಗ ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ಗೇಣು ದೂರವಿದೆಯೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಮುಳ್ಳು ಸಿಗುತ್ತದೆ. ಬರಿಗೈ ಆಡಿಸಬೇಡಿ, ಹತ್ತಿಯ ಉಂಡೆ ಅಥವಾ ಹಳೆಯ ಬನಿಯನ್ ತುಂಡು ಒಳಗೆ ಸುತ್ತಲೂ ಎಳೆದರೆ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಇಕ್ಕಳದಿಂದ ಒಳಗಿನಿಂದಲೇ ಕಿತ್ತು ತೆಗೆಯಿರಿ.

ಎರಡನೆಯದು ತೇಪೆ. ಮರಳು ಕಾಗದದಿಂದ ತೇಪೆಗಿಂತ ಒಂದು ಸೆಂಟಿಮೀಟರ್ ಅಗಲವಾಗಿ ಹೊಳಪು ಹೋಗುವವರೆಗೆ ಉಜ್ಜಿ. ಧೂಳು ಒರೆಸಿ, ಮತ್ತೆ ಬೆರಳು ತಾಗಿಸಬೇಡಿ. ಸಲ್ಯೂಷನ್ ತೆಳುವಾಗಿ ಸವರಿ ಐದು ನಿಮಿಷ ಬಿಡಿ, ಹಸಿ ಹೊಳಪು ಪೂರ್ತಿ ಹೋಗಲಿ. ಹೆಚ್ಚಿನ ತೇಪೆಗಳು ಕೀಳುವುದು ಈ ಐದು ನಿಮಿಷ ಕಾಯದೆ ಇದ್ದುದಕ್ಕೆ. ಬಳಿಕ ತೇಪೆಯನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತಿ. ಸಲ್ಯೂಷನ್ ಟ್ಯೂಬು ಒಮ್ಮೆ ಒಡೆದರೆ ಈ ಭಾಗದ ಬಿಸಿಲಿಗೆ ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ದೊಡ್ಡದು ಒಂದು ತರುವ ಬದಲು ಚಿಕ್ಕವು ಎರಡು ತನ್ನಿ.

ಮೂರನೆಯದು ವಾಲ್ ಟ್ಯೂಬ್. ಹಳೆಯ ಮಾದರಿಯ ವಾಲ್ವಿನೊಳಗಿನ ಕಡ್ಡಿಗೆ ಹಾಕುವ ಆ ಸಣ್ಣ ರಬ್ಬರ್ ನಳಿಕೆಯೇ ಹವಾ ತಡೆಯುವುದು. ಏಪ್ರಿಲ್, ಮೇ ಬಿಸಿಲಿಗೆ ಅದು ಒಣಗಿ ಸೀಳುತ್ತದೆ ಅಥವಾ ಅಂಟಂಟಾಗುತ್ತದೆ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಬಂದರೆ ಪಂಚರ್ ಅಲ್ಲ, ಇದೇ. ಹೊಸದನ್ನು ಒದ್ದೆ ಮಾಡಿ ಕಡ್ಡಿಯ ಪಕ್ಕದ ತೂತು ಪೂರ್ತಿ ಮುಚ್ಚುವಷ್ಟು ಮೇಲಕ್ಕೆ ಏರಿಸಿ. ಎಣ್ಣೆ ಹಚ್ಚಬೇಡಿ, ರಬ್ಬರ್ ಊದಿಕೊಳ್ಳುತ್ತದೆ.

ಮುಳ್ಳಿನ ದಾರಿಯಲ್ಲೇ ದಿನವೂ ಓಡಾಡುವವರು ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ, ವಾಲ್ವ್ ಭಾಗ ಕತ್ತರಿಸಿ, ಟೈರಿಗೂ ಟ್ಯೂಬಿಗೂ ನಡುವೆ ಹಾಸಬಹುದು. ಎರಡು ತುದಿಗಳು ಒಂದರ ಮೇಲೊಂದು ಬರುವಲ್ಲಿ ಅಂಚನ್ನು ತೆಳ್ಳಗೆ ಉಜ್ಜಿ, ಇಲ್ಲದಿದ್ದರೆ ಅದೇ ಅಂಚು ಟ್ಯೂಬನ್ನು ತಿನ್ನುತ್ತದೆ. ಚಕ್ರ ಸ್ವಲ್ಪ ಭಾರವಾಗುತ್ತದೆ. ಉದ್ದ ಮುಳ್ಳಿಗೆ ಇದೂ ತಡೆಯಲ್ಲ, ಸಣ್ಣವಕ್ಕೆ ತಡೆ.

ಪ್ರಶ್ನೆ: ತುಳಿಯುವಾಗ ಪ್ರತಿ ಸುತ್ತಿಗೂ ಒಮ್ಮೆ ಕಟ್ ಅಂತದ. ಕಾಟರ್ ಪಿನ್ ಎರಡು ಸಲ ಬದಲಿಸಿದ್ರೂ ನಿಂದ್ರವಲ್ದು. — ಓದುಗರು, ಆಳಂದ

ಉತ್ತರ: ಎರಡೂ ಕ್ರ್ಯಾಂಕು, ಅಂದರೆ ಪೆಡಲ್ ಕೂರುವ ತೋಳುಗಳು, ನೆಲಕ್ಕೆ ಸಮಾನಾಂತರವಾಗಿರುವಾಗ ಎರಡೂ ಪೆಡಲನ್ನು ಕೈಯಿಂದ ಒಟ್ಟಿಗೆ ಕೆಳಗೆ ಒತ್ತಿ. ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿ. ಒಂದು ಕ್ರ್ಯಾಂಕು ತುಸು ಜರುಗಿದರೆ ದೋಷ ಅದನ್ನು ನಡುವಿನ ಅಕ್ಸಲಿಗೆ ಹಿಡಿದಿಡುವ ಕಾಟರ್ ಪಿನ್ನಿನದು. ಜರುಗದಿದ್ದರೆ ಪೆಡಲಿನ ಬುಡ ಮತ್ತು ನಡುವಿನ ಬಿ.ಬಿ. (ಕ್ರ್ಯಾಂಕಿನ ಅಕ್ಸಲ್ ತಿರುಗುವ ಬಾಟಮ್ ಬ್ರ್ಯಾಕೆಟ್) ಕಪ್ಪು ನೋಡಬೇಕು.

ಪಿನ್ನು ಬದಲಿಸಿಯೂ ನಿಲ್ಲದಿರಲು ಸಾಮಾನ್ಯ ಕಾರಣ ಅಳತೆ. ಕಾಟರ್ ಪಿನ್ನು 9.5 ಮಿ.ಮೀ. ಮತ್ತು 9 ಮಿ.ಮೀ. ಎರಡು ದಪ್ಪದಲ್ಲಿ ಬರುತ್ತದೆ. ಕಣ್ಣಿಗೆ ಒಂದೇ. 9.5ರ ತೂತಿಗೆ 9ರ ಪಿನ್ನು ಹಾಕಿದರೆ ನಟ್ಟು ಎಷ್ಟೇ ಬಿಗಿದರೂ ವಾರದೊಳಗೆ ಸಡಿಲ. ಅಂಗಡಿಗೆ ಹಳೆಯ ಪಿನ್ನು ಒಯ್ಯಿರಿ. ವರ್ನಿಯರ್ ಇದ್ದರೆ ದುಂಡನೆಯ ಭಾಗ ಅಳೆಯಿರಿ, ಚಪ್ಪಟೆ ಮಾಡಿದ ಕಡೆಯನ್ನಲ್ಲ.

ಎರಡನೆಯ ಕಾರಣ ಆ ಚಪ್ಪಟೆ ಮುಖವೇ. ಹೊಸ ಪಿನ್ನಿನ ಇಳಿಜಾರು ಅಕ್ಸಲಿನ ಕಚ್ಚಿಗೆ ಪೂರ್ತಿ ತಾಗುವುದು ಅಪರೂಪ. ಒಮ್ಮೆ ಹೊಡೆದು ಕೂರಿಸಿ, ಹೊರ ತೆಗೆದು ನೋಡಿ. ಒಂದು ಗೆರೆಯಷ್ಟೇ ಹೊಳೆಯುತ್ತಿದ್ದರೆ ಅಲ್ಲಿ ಅರದಿಂದ ನಾಲ್ಕಾರು ಸಲ ನೇರವಾಗಿ ಎಳೆಯಿರಿ, ಮತ್ತೆ ಕೂರಿಸಿ. ಮುಖದ ಬಹುಪಾಲು ಹೊಳೆಯುವವರೆಗೆ ಹೀಗೆ ಮಾಡಬೇಕು. ಅರ ಹಿಡಿಯುವಾಗ ಇಳಿಜಾರಿನ ಕೋನ ಬದಲಾಗದಂತೆ ನೋಡಿಕೊಳ್ಳಿ.

ಹೊಡೆಯುವಾಗ ಕ್ರ್ಯಾಂಕಿನ ಕೆಳಗೆ, ಪಿನ್ನು ಹೊರಬರುವ ತೂತಿನ ಸುತ್ತ, ನೆಲದವರೆಗೆ ಒಂದು ಕಬ್ಬಿಣದ ಪೈಪಿನ ಆಸರೆ ಕೊಡಿ. ಆಸರೆ ಇಲ್ಲದೆ ಹೊಡೆದ ಪೆಟ್ಟು ನೇರ ಬಾಲ್ಸಿಗೆ ಹೋಗಿ ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಹಳೆಯದನ್ನು ತೆಗೆಯುವಾಗ ನಟ್ಟನ್ನು ಪೂರ್ತಿ ಬಿಚ್ಚದೆ ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ ಹೊಡೆಯಿರಿ, ಥ್ರೆಡ್ ಉಳಿಯುತ್ತದೆ. ಬಲ ಕ್ರ್ಯಾಂಕು ಕೆಳಗಿದ್ದಾಗ ಅದರ ನಟ್ಟು ಹಿಂದಕ್ಕೆ ಬಂದರೆ, ಎಡ ಕ್ರ್ಯಾಂಕು ಕೆಳಗೆ ಬಂದಾಗ ಅದರ ನಟ್ಟೂ ಹಿಂದಕ್ಕೇ ಬರಬೇಕು. ಹಾಗಿಲ್ಲದಿದ್ದರೆ ಎರಡು ಪೆಡಲುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ನಟ್ಟಿನ ಕೆಲಸ ಪಿನ್ನನ್ನು ಹಿಡಿದಿಡುವುದು. ಒಳಗೆ ಹೊಡೆದು ಕೂರಿಸುವುದು ಸುತ್ತಿಗೆಯ ಕೆಲಸ. ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಹೊಡೆದು ಬಿಗಿ ಮಾಡಿ.

ಬಿ.ಬಿ. ಬಿಚ್ಚಬೇಕಾಗಿ ಬಂದರೆ ನೆನಪಿಡಿ: ಚೈನಿನ ಕಡೆಯ ಕಪ್ಪು ಎಡಗೈ ಥ್ರೆಡ್ಡಿನದು, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಎಡ ಪೆಡಲೂ ಹಾಗೆಯೇ. ಇದು ಗೊತ್ತಿಲ್ಲದೆ ಪಾನಾಕ್ಕೆ ಪೈಪು ಸಿಕ್ಕಿಸಿ ಬಲ ಹಾಕಿ ಹಾಳಾದ ಕ್ರ್ಯಾಂಕುಗಳಿಗೆ ಲೆಕ್ಕವಿಲ್ಲ. ಒಳಗೆ ಒಂದೊಂದು ಕಡೆ ಕಾಲು ಇಂಚಿನ ಬಾಲ್ಸ್ 11.

ಪ್ರಶ್ನೆ: ಮುಂದಿನ, ಹಿಂದಿನ ಹಬ್ ಬಿಚ್ಚಿ ಗ್ರೀಸ್ ಮಾಡಬೇಕೆಂದಿದ್ದೇನೆ. ಎಷ್ಟು ಬಾಲ್ಸ್ ತರಲಿ? ಕೋನ್ ಸಿಗುತ್ತಿಲ್ಲ. — ಓದುಗರು, ಭಾಲ್ಕಿ

ಉತ್ತರ: ಸಾಮಾನ್ಯ ಸೈಕಲ್ಲಿನಲ್ಲಿ ಮುಂದಿನ ಹಬ್ಬಿಗೆ 3/16 ಇಂಚಿನವು ಕಡೆಗೆ 10ರಂತೆ 20, ಹಿಂದಿನದಕ್ಕೆ 1/4 ಇಂಚಿನವು ಕಡೆಗೆ 9ರಂತೆ 18. ಆದರೂ ಬಿಚ್ಚುವಾಗ ಎಣಿಸಿ. ಮೊದಲೇ ಯಾರೋ ಒಂದೆರಡು ಕಡಿಮೆ ಹಾಕಿರಬಹುದು. ಸುತ್ತು ತುಂಬಿದ ಮೇಲೆ ಒಂದು ಬಾಲಿಗಿಂತ ಕಡಿಮೆ ಸಂದು ಉಳಿಯಬೇಕು. ಸಂದೇ ಇಲ್ಲದಂತೆ ಒತ್ತಿ ತುಂಬಿದರೆ ಬಾಲ್ಸ್ ಒಂದಕ್ಕೊಂದು ಉಜ್ಜುತ್ತವೆ. ಹಳೆಯವುಗಳ ನಡುವೆ ಹೊಸ ನಾಲ್ಕು ಸೇರಿಸಬೇಡಿ. ಸವೆಯದ ಹೊಸ ಬಾಲ್ಸ್ ಕೂದಲಿನಷ್ಟು ದೊಡ್ಡವು, ಇಡೀ ಭಾರ ಅವುಗಳ ಮೇಲೇ ಬಿದ್ದು ಕೋನನ್ನು (ಅಕ್ಸಲಿನ ಮೇಲೆ ಬಾಲ್ಸ್ ಓಡುವ ತುಂಡನ್ನು) ಕೆರೆಯುತ್ತವೆ. ಒಂದು ಸುತ್ತಿಗೆ ಪೂರ್ತಿ ಹೊಸವೇ ಹಾಕಿ.

ಕೋನ್ ವಿಷಯಕ್ಕೆ ಬಂದರೆ, ಬರಿಯ ಕೋನು ತೋರಿಸಿ ತಂದದ್ದು ಅನೇಕ ಸಲ ಅಕ್ಸಲಿಗೆ ಹತ್ತುವುದಿಲ್ಲ. ಕರಿ ಸೈಕಲ್ಲಿನ ಅಕ್ಸಲ್ ಇಂಚಿನ ಲೆಕ್ಕದ್ದು: ಮುಂದೆ 5/16, ಹಿಂದೆ 3/8, ಇಂಚಿಗೆ 26 ಥ್ರೆಡ್. ಗೇರಿನ ಸೈಕಲ್ಲುಗಳದ್ದು ಹೆಚ್ಚಾಗಿ ಮುಂದೆ 9, ಹಿಂದೆ 10 ಮಿ.ಮೀ., ಒಂದು ಮಿಲಿಮೀಟರಿಗೆ ಒಂದು ಥ್ರೆಡ್. ಹಿಂದಿನವು ಎರಡರ ದಪ್ಪದಲ್ಲಿ ಅರ್ಧ ಮಿಲಿಮೀಟರಿನಷ್ಟೇ ಅಂತರ, ಕಣ್ಣಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಅಕ್ಸಲನ್ನೇ ಕೈಯಲ್ಲಿ ಹಿಡಿದು ಹೋಗಿ, ಅಂಗಡಿಯ ಮುಂದೆಯೇ ಹೊಸ ಕೋನನ್ನು ಬೆರಳಿನಿಂದ ತಿರುಗಿಸಿ ನೋಡಿ. ಬೆರಳಿಗೆ ಸರಾಗವಾಗಿ ಹೋಗದ ಕೋನು ನಿಮ್ಮದಲ್ಲ. ಕೋನು ಸಿಗದೇ ಹೋದರೆ ಅಕ್ಸಲ್, ಕೋನು, ನಟ್ಟು ಸೇರಿದ ಸೆಟ್ಟು ಕೇಳಿ. ಬಿಡಿಯಾಗಿ ಇಲ್ಲದ್ದು ಸೆಟ್ಟಿನಲ್ಲಿ ಸಿಗುವುದುಂಟು.

ತೊಳೆಯಲು ಡೀಸೆಲ್ ಸಾಕು. ಗ್ರೀಸ್ ತುಂಬಿ, ಕೋನು ಕೈಯಲ್ಲೇ ಬಿಗಿದು, ಕಾಲು ಸುತ್ತು ಹಿಂದಕ್ಕೆ ತಂದು ಲಾಕ್ ನಟ್ಟು ಬಿಗಿಯಿರಿ. ಚಕ್ರ ಅಡ್ಡಡ್ಡ ಅಲುಗಬಾರದು. ನಿಧಾನಕ್ಕೆ ತಿರುಗಿಸಿ ಬಿಟ್ಟರೆ ವಾಲ್ವ್ ಇರುವ ಭಾಗ ತಾನಾಗಿ ಕೆಳಗೆ ಬಂದು ನಿಲ್ಲಬೇಕು. ಹಾಗೆ ಬಾರದಿದ್ದರೆ ಬಿಗಿ ಜಾಸ್ತಿ.

ಪ್ರಶ್ನೆ: ಶಾಲೆಯಲ್ಲಿ ಕೊಟ್ಟ ಹಳೆಯ ಸೈಕಲ್ ಇದೆ. ಏರಿನಲ್ಲಿ ತುಳಿದರೆ ಕಾಲು ಜರ್ರನೆ ಜಾರುತ್ತದೆ, ಚೈನೂ ಬೀಳುತ್ತದೆ. — ಓದುಗರು, ಸುರಪುರ

ಉತ್ತರ: ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಡತೊಡಗಿದ ಆ ಸೈಕಲ್ಲುಗಳು ಇವತ್ತೂ ಮನೆಮನೆಯಲ್ಲಿವೆ, ಮತ್ತು ಅವುಗಳನ್ನು ಉಳಿಸಿಕೊಳ್ಳುವುದು ಯೋಗ್ಯ ಕೆಲಸ. ಗೇರಿಲ್ಲದ ಸೈಕಲ್ ಆದ್ದರಿಂದ ಅದರ ಚೈನು, ಫ್ರೀವೀಲ್ ಸುಲಭವಾಗಿ ಸಿಗುವ ಸಾಮಾನು.

ಜಾರುವುದಕ್ಕೆ ಎರಡು ಕಾರಣ. ಫ್ರೀವೀಲಿನೊಳಗಿನ ನಾಯಿಗಳು, ಅಂದರೆ ಹಲ್ಲಿಗೆ ಕಚ್ಚುವ ಸಣ್ಣ ಉಕ್ಕಿನ ತುಂಡುಗಳು, ಗಟ್ಟಿಯಾದ ಗ್ರೀಸಿನಲ್ಲಿ ಸಿಕ್ಕಿ ಮೇಲೇಳದಿರಬಹುದು. ಚಕ್ರವನ್ನು ಮಲಗಿಸಿ ಸಂದಿನಲ್ಲಿ ಡೀಸೆಲ್ ಬಿಟ್ಟು, ಹಿಂದಕ್ಕೆ ತಿರುಗಿಸುತ್ತಾ ಕೊಳೆ ಹೋಗುವವರೆಗೆ ತೊಳೆಯಿರಿ. ಆರಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ. ಗ್ರೀಸ್ ಅಲ್ಲಿ ಬೇಡವೇ ಬೇಡ. ಟಿಕ್ ಟಿಕ್ ಸದ್ದು ಸಮವಾಗಿ ಬಂದರೆ ಸರಿಹೋಯಿತು.

ಸದ್ದು ಸರಿಯಿದ್ದೂ ಜಾರಿದರೆ ಚೈನನ್ನು ಅಳೆಯಿರಿ. ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಎಣಿಸಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 12 ಇಂಚು. 1/16 ಇಂಚು ಜಾಸ್ತಿಯಾಗಿದ್ದರೆ ಚೈನು ಬದಲಿಸುವ ಸಮಯ. 1/8 ಇಂಚು ಜಾಸ್ತಿಯಾಗಿದ್ದರೆ ಹಿಂದಿನ ಹಲ್ಲುಗಳೂ ಅದೇ ಚೈನಿಗೆ ಹೊಂದಿ ಸವೆದಿರುತ್ತವೆ. ಆಗ ಚೈನು ಮಾತ್ರ ಹೊಸದು ಹಾಕಿದರೆ ಇನ್ನೂ ಹೆಚ್ಚು ಜಾರುತ್ತದೆ, ಫ್ರೀವೀಲನ್ನೂ ಬದಲಿಸಬೇಕು. ಅಂಗಡಿಯಲ್ಲಿ ಚೈನನ್ನು 1/2 × 1/8 ಎಂದು ಕೇಳಿ. ಗೇರಿನ ಸೈಕಲ್ಲಿನದು 3/32, ತೆಳ್ಳಗಿದ್ದು ಈ ಹಲ್ಲುಗಳ ಮೇಲೆ ಕೂರುವುದಿಲ್ಲ. ಫ್ರೀವೀಲಿನ ಹಲ್ಲು ಎಣಿಸಿ ಹೋಗಿ, ಸಾಮಾನ್ಯವಾಗಿ 18. ಅದನ್ನು ಬಿಚ್ಚಲು ಅದರ ಕಚ್ಚಿಗೆ ಕೂರುವ ಟೂಲ್ ಬೇಕು. ಉಳಿ, ಸುತ್ತಿಗೆ ಹಿಡಿದರೆ ಕಚ್ಚು ಮುರಿದು ಆಮೇಲೆ ಯಾರಿಂದಲೂ ಬಿಚ್ಚಲಾಗುವುದಿಲ್ಲ. ಈ ಒಂದು ಕೆಲಸಕ್ಕೆ ಚಕ್ರವನ್ನು ಅಂಗಡಿಗೆ ಒಯ್ಯುವುದೇ ಸರಿ.

ಹೊಸ ಚೈನಿನ ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಲಿ. ಮೇಲಿನ ಎಳೆಯ ನಡುವೆ ಬೆರಳಿಟ್ಟು ಒತ್ತಿದರೆ ಅರ್ಧ ಇಂಚು ಆಡಬೇಕು. ಚೈನು ಎಳೆಯಲು ಹಿಂದಿನ ಚಕ್ರ ಸರಿಸಿದರೆ ಬ್ರೇಕ್ ರಬ್ಬರಿನ ಜಾಗವೂ ತಪ್ಪುತ್ತದೆ, ಅದನ್ನು ಮರೆಯಬೇಡಿ.

ಪ್ರಶ್ನೆ: ಹಾಲಿನ ಕ್ಯಾನ್ ಹೇರುವ ಸೈಕಲ್. ಹಿಂದಿನ ಸ್ಪೋಕು ಮೇಲಿಂದ ಮೇಲೆ ಬಾಗಿದ ತುದಿಯಲ್ಲೇ ಮುರಿಯುತ್ತವೆ. — ಓದುಗರು, ಗುರುಮಠಕಲ್

ಉತ್ತರ: ಬಿಗಿ ಜಾಸ್ತಿಯಾಗಿ ಮುರಿಯುತ್ತವೆ ಎಂದು ಅನೇಕರು ಸಡಿಲ ಬಿಡುತ್ತಾರೆ. ಕಾರಣ ಅದಕ್ಕೆ ತಿರುಗಾಮುರುಗಾ. ಸಡಿಲ ಸ್ಪೋಕು ಪ್ರತಿ ಸುತ್ತಿಗೂ ಒಮ್ಮೆ ಸೆಟೆದು ಒಮ್ಮೆ ಸಡಿಲಗೊಂಡು ಬಾಗಿದ ತುದಿಯಲ್ಲಿ ದಣಿದು ತುಂಡಾಗುತ್ತದೆ. ಒಂದು ಮುರಿದಾಗ ಅಕ್ಕಪಕ್ಕದವುಗಳ ಮೇಲೆ ಭಾರ ಏರಿ ಅವೂ ಹೋಗುತ್ತವೆ. ನಾಲ್ಕೈದು ಒಂದೇ ಕಡೆ ಮುರಿದಿದ್ದರೆ ಆ ಚಕ್ರಕ್ಕೆ ಪೂರ್ತಿ ಹೊಸ ಸ್ಪೋಕು ಹಾಕಿಸುವುದೇ ಉಳಿತಾಯ.

ಕರಿ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಸ್ಪೋಕು. ಉದ್ದ ಅಳೆಯುವುದು ಬಾಗಿನ ಒಳಮೈಯಿಂದ ಥ್ರೆಡ್ಡಿನ ತುದಿಯವರೆಗೆ. ದಪ್ಪ 14 ಗೇಜ್ ಎಂದರೆ 2 ಮಿ.ಮೀ., 13 ಗೇಜ್ ಎಂದರೆ 2.3. ಹೇರುವ ಸೈಕಲ್ಲಿಗೆ 13 ಒಳ್ಳೆಯದು, ಆದರೆ ನಿಪ್ಪಲ್ಲೂ ಅದರದ್ದೇ ಬೇಕು, ಹಬ್ಬಿನ ತೂತಿಗೂ ಹೋಗಬೇಕು. ಬಿಗಿಯುವಾಗ ಟೈರಿನ ಕಡೆಯಿಂದ ನೋಡಿ ಗಡಿಯಾರದ ದಿಕ್ಕಿಗೆ, ಒಮ್ಮೆಗೆ ಕಾಲು ಸುತ್ತು ಮಾತ್ರ. ರಿಮ್ಮು ಬಲಕ್ಕೆ ಓಲಿದ ಜಾಗದಲ್ಲಿ ಎಡ ಬದಿಯ ಸ್ಪೋಕು ಬಿಗಿದು ಬಲದ್ದನ್ನು ಅಷ್ಟೇ ಸಡಿಲಿಸಿ. ಎರಡೆರಡು ಸ್ಪೋಕು ಕೂಡಿಸಿ ಹಿಡಿದು ಹಿಸುಕುತ್ತಾ ಹೋದರೆ ಯಾವುದು ಸಡಿಲ ಎಂದು ಕೈಗೇ ಗೊತ್ತಾಗುತ್ತದೆ.

ಪ್ರಶ್ನೆ: ಗೇರಿನ ಸೈಕಲ್ ಬಿದ್ದ ಮೇಲೆ ಹಿಂದಿನ ಗೇರ್ ಸರಿ ಕೂಡ್ತಿಲ್ಲ. ಹ್ಯಾಂಗರ್ ಬಾಗಿದೆ ಅಂತಾರೆ, ಕಲಬುರಗಿಯಲ್ಲಿ ಸಿಗುತ್ತಿಲ್ಲ. — ಓದುಗರು, ಕಲಬುರಗಿ

ಉತ್ತರ: ಹಿಂದಿನ ಗೇರ್ ಬದಲಿಸುವ ಸಾಧನ ನೇತಾಡುವ ತುಂಡೇ ಹ್ಯಾಂಗರ್. ಅದಕ್ಕೆ ಒಂದೇ ಅಳತೆ ಇಲ್ಲ, ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆ. ಹಳೆಯದನ್ನು ಬಿಚ್ಚಿ ಸ್ಕೇಲಿನ ಪಕ್ಕ ಇಟ್ಟು ಎರಡೂ ಬದಿಯಿಂದ ಫೋಟೊ ತೆಗೆಯಿರಿ, ತೂತುಗಳ ನಡುವಿನ ಅಂತರ ಬರೆಯಿರಿ. ಇದನ್ನು ಕಂಪನಿಯ ಡೀಲರಿಗೋ ಹೈದರಾಬಾದ್, ಸೊಲ್ಲಾಪುರದ ಅಂಗಡಿಗೋ ಕಳಿಸಿದರೆ ಹೌದು, ಇಲ್ಲ ಎಂಬ ಖಚಿತ ಉತ್ತರ ಬರುತ್ತದೆ. ಮಾದರಿಯ ಹೆಸರು ಮಾತ್ರ ಹೇಳಿದರೆ ಊಹೆಯ ಮೇಲೆ ಏನೋ ಬರುತ್ತದೆ. ಕಡಿಮೆ ಬೆಲೆಯ ಕೆಲವು ಸೈಕಲ್ಲುಗಳಲ್ಲಿ ಹ್ಯಾಂಗರ್ ಅಕ್ಸಲ್ ನಟ್ಟಿನ ಜೊತೆಗೇ ಕೂರುವ ಉಕ್ಕಿನ ಪಟ್ಟಿ. ಅದು ಹೆಚ್ಚುಕಡಿಮೆ ಎಲ್ಲದಕ್ಕೂ ಒಗ್ಗುತ್ತದೆ. ಹ್ಯಾಂಗರ್ ನೇರವಾಗುವ ತನಕ ಗೇರಿನ ಸ್ಕ್ರೂ ತಿರುಗಿಸಬೇಡಿ, ಇದ್ದ ಹೊಂದಾಣಿಕೆಯೂ ಕೆಡುತ್ತದೆ.

ಕೇಬಲ್ ತರುವವರಿಗೆ ಒಂದು ಎಚ್ಚರಿಕೆ. ಗೇರಿನ ಹೊರ ಕವಚ 4 ಮಿ.ಮೀ., ಬ್ರೇಕಿನದು 5 ಮಿ.ಮೀ. ಗೇರಿನ ಕವಚದೊಳಗೆ ತಂತಿಗಳು ಉದ್ದುದ್ದಕ್ಕೆ ಇರುತ್ತವೆ, ಬ್ರೇಕಿನ ಎಳೆತಕ್ಕೆ ಅದು ಸೀಳಿ ಹೋಗುತ್ತದೆ. ಬ್ರೇಕಿಗೆ ಗೇರಿನ ಕವಚ ಎಂದಿಗೂ ಹಾಕಬೇಡಿ, ಜೀವಕ್ಕೆ ಅಪಾಯ.

ಪ್ರಶ್ನೆ: ನಮ್ಮದು ಅಟ್ಲಾಸ್. ಕಂಪನಿ ಮುಚ್ಚಿತು ಅಂತಾರೆ, ಸಾಮಾನು ಮುಂದೆ ಸಿಗುತ್ತಾ? — ಓದುಗರು, ಹುಮನಾಬಾದ್

ಉತ್ತರ: ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನಿನಲ್ಲಿ ನಿಂತಿತು. ಆದರೆ ಕರಿ ಸೈಕಲ್ಲುಗಳ ಬಹುಪಾಲು ಭಾಗಗಳು ಯಾವ ಹೆಸರಿನ ಸೈಕಲ್ಲಿಗಾದರೂ ಒಂದೇ ನಮೂನೆ, ಲುಧಿಯಾನದ ಅನೇಕ ಕಾರ್ಖಾನೆಗಳು ಅವನ್ನು ಮಾಡುತ್ತವೆ. ಹೆಸರು ಕೇಳದೆ ಅಳತೆ ಕೇಳಿ. ಚೈನ್ ಕವರ್, ಮಡ್‌ಗಾರ್ಡ್ ಮಾತ್ರ ತಂತಮ್ಮ ಆಕಾರದವು. ಅವಕ್ಕೆ ಹಳೆಯ ಸೈಕಲ್ ಬಿಚ್ಚುವವರಲ್ಲಿ ವಿಚಾರಿಸಿ.

ಪ್ರಶ್ನೆ: ಮಳೆಗಾಲದಲ್ಲಿ ರಾಡ್ ಬ್ರೇಕ್ ಹಿಡಿಯುವುದಿಲ್ಲ. — ಓದುಗರು, ಚಿಂಚೋಳಿ

ಉತ್ತರ: ಹೊಳಪು ಲೇಪದ ಉಕ್ಕಿನ ರಿಮ್ಮು ನೆನೆದರೆ ರಬ್ಬರ್ ಜಾರುವುದು ಸಹಜ, ಪೂರ್ತಿ ಪರಿಹಾರ ಇಲ್ಲ. ಮೊದಲೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಂಡು ಬಳಿಕ ಗಟ್ಟಿ ಹಿಡಿಯಿರಿ. ಕಲ್ಲಿನಂತಾದ ಹಳೆಯ ರಬ್ಬರ್ ಬದಲಿಸಿ, ರಿಮ್ಮಿನಿಂದ 3 ಮಿ.ಮೀ. ದೂರದಲ್ಲಿ ಎರಡೂ ಕಡೆ ಸಮ ಇರಲಿ. ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿದ್ದರೆ ಒಣಗುವ ಮೊದಲೇ ಕಡ್ಡಿಯಿಂದ ತೆಗೆಯಿರಿ. ಹಬ್ಬಿಗೆ ನೇರ ನೀರಿನ ಪೈಪು ಹಿಡಿಯಬೇಡಿ.

ಪ್ರಶ್ನೆ: ಪಟ್ಟಣಕ್ಕೆ ಹೋದಾಗ ಒಮ್ಮೆಗೇ ಏನೇನು ತಂದಿಟ್ಟುಕೊಳ್ಳಬೇಕು? — ಓದುಗರು, ಔರಾದ್

ಉತ್ತರ: ನಿಮ್ಮ ಅಳತೆಯ ಟ್ಯೂಬು ಒಂದು, ವಾಲ್ ಟ್ಯೂಬ್ ಒಂದು ಮೊಳ, ತೇಪೆ, ಚಿಕ್ಕ ಸಲ್ಯೂಷನ್ ಎರಡು, ಬ್ರೇಕ್ ರಬ್ಬರ್ ನಾಲ್ಕು, ಸರಿಯಳತೆಯ ಕಾಟರ್ ಪಿನ್ನು ಎರಡು, ಚೈನ್ ಲಾಕ್ ಎರಡು, 1/4 ಮತ್ತು 3/16 ಬಾಲ್ಸ್ ತಲಾ ಎರಡು ಡಜನ್, ಹಿಂದಿನ ಚಕ್ರದ ಸ್ಪೋಕು ನಿಪ್ಪಲ್ ಸಮೇತ ಆರು. ಟೈರು ಕೊಂಡಿಡುವುದು 28 × 1½ ಇರುವವರಿಗೆ ಮಾತ್ರ ಸಲಹೆ, ಉಳಿದವರು ಬೇಕಾದಾಗ ತಂದರೆ ಸಾಕು. ಕೊಂಡ ಟೈರನ್ನು ತಗಡಿನ ಮಾಡಿನ ಕೆಳಗೆ ನೇತುಹಾಕದೆ ಗೋಣಿಯಲ್ಲಿ ಸುತ್ತಿ ತಂಪಾದ ಮೂಲೆಯಲ್ಲಿಡಿ. ಟ್ಯೂಬಿನ ಮಡಿಕೆಗೆ ಟಾಲ್ಕಂ ಪೌಡರ್ ಹಾಕಿ. ಇನ್ವರ್ಟರ್ ಬ್ಯಾಟರಿ ಇರುವ ಕೋಣೆ ಬೇಡ.